‘ಅಂಧರಿಗಾಗಿ’ ಎಂದು ತೂಗುಹಾಕಿದ ಚಿತ್ರಗಳ ಬಗ್ಗೆ: ವಸ್ತುಸಂಗ್ರಹಾಲಯಗಳಿಗೊಂದು ಬಹಿರಂಗ ಪತ್ರ

ವಸ್ತುಸಂಗ್ರಹಾಲಯಗಳ ಮತ್ತು ಕಲಾ ಗ್ಯಾಲರಿಗಳ ನಿರ್ದೇಶಕರಿಗೆ, ಪ್ರದರ್ಶನ ಸಂಯೋಜಕರಿಗೆ, ಹಾಗೂ ಇಂಥ ಕೆಲಸಗಳಿಗೆ ಹಣ ಮಂಜೂರು ಮಾಡುವ ಅಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಗೋಡೆಗಳ ಮೇಲೆ ‘ಅಂಧರಿಗಾಗಿ’ ಎಂಬ ಹಣೆಪಟ್ಟಿ ಹೊತ್ತ ಉಬ್ಬುಚಿತ್ರಗಳು ಹೆಚ್ಚುತ್ತಿವೆ. ಸಂತೋಷದ ವಿಷಯ. ಆದರೆ ಅವುಗಳಲ್ಲಿ ಬೆರಳಿಗೆ ನಿಜವಾಗಿ ದಕ್ಕುವಂಥವು ಎಷ್ಟು ಎಂದು ಯಾರೂ ಲೆಕ್ಕ ಕೇಳುತ್ತಿಲ್ಲ. ಈ ಪತ್ರ ಬರೆಯುತ್ತಿರುವವರಲ್ಲಿ ಸ್ಪರ್ಶಚಿತ್ರಗಳನ್ನು ಮಾಡುವವರಿದ್ದಾರೆ, ಬ್ರೈಲ್ ಕರಡು ತಿದ್ದುವವರಿದ್ದಾರೆ, ಆ ಚಿತ್ರಗಳನ್ನು ಬೆರಳಿನಿಂದ ಓದುವವರೂ ಇದ್ದಾರೆ. ಪ್ರದರ್ಶನಗಳಲ್ಲಿ ಮತ್ತೆ ಮತ್ತೆ ಎದುರಾದ ತಪ್ಪುಗಳನ್ನು, ಅವು ಯಾಕೆ ಆಗುತ್ತವೆ ಎಂಬುದನ್ನು, ಏನು ಮಾಡಿದರೆ ತಪ್ಪುತ್ತವೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇವೆ. ಯಾವ ಸಂಸ್ಥೆಯ ಹೆಸರನ್ನೂ ಹೇಳುತ್ತಿಲ್ಲ. ಓದಿದಾಗ ನಿಮ್ಮದು ಯಾವುದೆಂದು ನಿಮಗೇ ತಿಳಿಯುತ್ತದೆ.

ಮೊದಲು ಬ್ರೈಲ್ ಫಲಕಗಳ ವಿಷಯ. ಬ್ರೈಲನ್ನು ಶಾಯಿಯಲ್ಲಿ ಮುದ್ರಿಸಿ, ಮೇಲೆ ಲ್ಯಾಮಿನೇಷನ್ ಹಾಕಿದ ಫಲಕಗಳಿವೆ. ಕಣ್ಣಿಗೆ ಆರು ಚುಕ್ಕೆ, ಬೆರಳಿಗೆ ನುಣುಪು ಗೋಡೆ. ಉಬ್ಬಿಸಿದ ಫಲಕವನ್ನು ಗಾಜಿನ ಹಿಂದೆ ಇಟ್ಟದ್ದಿದೆ. ತಲೆಕೆಳಗಾಗಿ ಮೊಳೆ ಹೊಡೆದದ್ದಿದೆ. ವಿನ್ಯಾಸ ಮಾಡುವಾಗ ಚಿತ್ರವನ್ನು ಎಡಬಲ ತಿರುಗಿಸಿ, ಕನ್ನಡಿಯ ಬಿಂಬದಂಥ ಬ್ರೈಲ್ ಮುದ್ರಿಸಿದ್ದಿದೆ. ಹಾಗೆ ತಿರುಗಿಸಿದಾಗ ಅದು ಓದಲಾಗದ ಗೊಂದಲವಾಗಿದ್ದರೆ ತಪ್ಪು ಬೇಗ ಗೊತ್ತಾಗುತ್ತಿತ್ತು. ಆದರೆ ಇಂಗ್ಲಿಷ್ ಬ್ರೈಲಿನಲ್ಲಿ ಡಿ ತಿರುಗಿದರೆ ಎಫ್, ಇ ತಿರುಗಿದರೆ ಐ, ಎಚ್ ತಿರುಗಿದರೆ ಜೆ. ಹೀಗೆ ಹಲವು ಅಕ್ಷರಗಳು ಬೇರೆ ಅಕ್ಷರಗಳಾಗಿ ಸರಿಯಾಗಿಯೇ ಕಾಣುತ್ತವೆ, ಪದ ಮಾತ್ರ ಇರುವುದಿಲ್ಲ. ಇನ್ನು ‘ದೊಡ್ಡದಾಗಿ ಕಾಣಲಿ’ ಎಂದು ಚುಕ್ಕೆಗಳನ್ನು ಹಿಗ್ಗಿಸುವವರಿದ್ದಾರೆ. ಬ್ರೈಲಿಗೆ ಅಳತೆ ಇದೆ: ಒಂದು ಕೋಶದೊಳಗೆ (ಅಂದರೆ ಆರು ಚುಕ್ಕೆಗಳ ಒಂದು ಗುಂಪಿನೊಳಗೆ) ಚುಕ್ಕೆಯಿಂದ ಚುಕ್ಕೆಗೆ ಸುಮಾರು 2.5 ಮಿಲಿಮೀಟರ್, ಕೋಶದಿಂದ ಕೋಶಕ್ಕೆ ಸುಮಾರು 6, ಸಾಲಿನಿಂದ ಸಾಲಿಗೆ ಸುಮಾರು 10, ಚುಕ್ಕೆಯ ಎತ್ತರ ಅರ್ಧ ಮಿಲಿಮೀಟರಿನ ಆಸುಪಾಸು. ಇಡೀ ಕೋಶ ಒಂದು ಬೆರಳ ತುದಿಯ ಕೆಳಗೆ ಒಮ್ಮೆಗೇ ಸಿಗಬೇಕು. ಹಿಗ್ಗಿಸಿದರೆ ಅದು ಅಕ್ಷರವಾಗಿ ಉಳಿಯುವುದಿಲ್ಲ.

ಭಾರತೀಯ ಭಾಷೆಗಳಲ್ಲಿ ಇನ್ನೊಂದು ತೊಡಕಿದೆ. ಕಂಪ್ಯೂಟರಿನ ಯುನಿಕೋಡ್ ಪಠ್ಯದಲ್ಲಿ ಒತ್ತಕ್ಷರದ ಹಲಂತ, ಅಂದರೆ ವ್ಯಂಜನಕ್ಕೆ ಸ್ವರವಿಲ್ಲ ಎಂದು ತೋರಿಸುವ ಚಿಹ್ನೆ, ವ್ಯಂಜನದ ನಂತರ ಬರುತ್ತದೆ. ಭಾರತೀಯ ಭಾಷೆಗಳಿಗೆ ಬಳಸುವ ಭಾರತಿ ಬ್ರೈಲಿನಲ್ಲಿ ಅದು ವ್ಯಂಜನಕ್ಕಿಂತ ಮೊದಲು ಬರುತ್ತದೆ. ಅಕ್ಷರಕ್ಕೆ ಅಕ್ಷರ ಬದಲಿಸುವ ಯಾವುದೋ ಫಾಂಟ್ ಹಾಕಿ ಮುದ್ರಣಕ್ಕೆ ಕಳಿಸಿದರೆ ಪ್ರತಿ ಒತ್ತಕ್ಷರವೂ ತಪ್ಪಾಗುತ್ತದೆ. ಬ್ರೈಲ್ ಬಲ್ಲ ಒಬ್ಬರು ಅರ್ಧ ಗಂಟೆ ಕರಡು ನೋಡಿದ್ದರೆ ಇದು ಸಿಕ್ಕಿಬೀಳುತ್ತಿತ್ತು. ಮುದ್ರಿತ ಫಲಕದಲ್ಲಿ ಒಂದು ಕಾಗುಣಿತ ತಪ್ಪಿದ್ದರೆ ಉದ್ಘಾಟನೆಗೆ ಮೊದಲೇ ತೆಗೆಸುವ ನೀವು ಬ್ರೈಲ್ ಫಲಕವನ್ನು ಯಾರಿಂದಲೂ ಓದಿಸದೆ ತೂಗುಹಾಕುತ್ತೀರಿ. ಇದಕ್ಕೆ ಕನ್ನಡದಲ್ಲಿ ಕಣ್ಣೊರೆಸುವುದು ಎನ್ನುತ್ತಾರೆ.

ಇವೆಲ್ಲ ತಿದ್ದಲು ಸುಲಭ. ನಮ್ಮ ಮುಖ್ಯ ದೂರು ಚಿತ್ರಗಳದ್ದು.

ಪ್ಯಾರಿಸಿನಲ್ಲಿ ಅಂಧ ಮಕ್ಕಳ ಶಾಲೆ ತೆರೆದ ವ್ಯಾಲಂಟೈನ್ ಹಾಯೂಯಿ 18ನೇ ಶತಮಾನದ ಕೊನೆಯಲ್ಲಿ ಪುಸ್ತಕಗಳನ್ನು ಉಬ್ಬಕ್ಷರದಲ್ಲಿ ಅಚ್ಚು ಹಾಕಿಸಿದರು. ಅವು ಕಣ್ಣಿನಿಂದ ಓದುವ ಲ್ಯಾಟಿನ್ ಅಕ್ಷರಗಳೇ, ಉಬ್ಬಿಸಿದ್ದು ಅಷ್ಟೆ. ಕಣ್ಣಿದ್ದ ಶಿಕ್ಷಕರಿಗೆ ಅನುಕೂಲವಾಯಿತು. ಮಕ್ಕಳು ಒಂದೊಂದು ಅಕ್ಷರದ ಅಂಚನ್ನೂ ತಡವಿಕೊಂಡು ನಿಧಾನವಾಗಿ ಓದಬೇಕಾಯಿತು. ಆಮೇಲೆ ಬಾರ್ಬಿಯೇ ಎಂಬ ಸೈನ್ಯಾಧಿಕಾರಿಯ 12 ಚುಕ್ಕೆಗಳ ಪದ್ಧತಿ ಬಂತು. ಅದು ಬೆರಳಿಗೆ ಹೊಂದುವಂಥದ್ದಾದರೂ ಒಂದು ಬೆರಳ ತುದಿಗಿಂತ ಎತ್ತರವಾಗಿತ್ತು. ಅದೇ ಶಾಲೆಯ ಹುಡುಗ ಲೂಯಿ ಬ್ರೈಲ್ 1824ರ ಹೊತ್ತಿಗೆ, ತನ್ನ 15ನೇ ವಯಸ್ಸಿನಲ್ಲಿ, ಅದನ್ನು ಆರು ಚುಕ್ಕೆಗಳಿಗೆ ಇಳಿಸಿದ. 1829ರಲ್ಲಿ ಅದು ಪುಸ್ತಕವಾಗಿ ಪ್ರಕಟವಾಯಿತು. ಆ ಆರು ಚುಕ್ಕೆಗಳು ನೋಡುವ ಅಕ್ಷರದ ಆಕಾರವನ್ನು ಒಂದಿಷ್ಟೂ ಹೋಲುವುದಿಲ್ಲ. ಹೋಲದಿರುವುದರಿಂದಲೇ ಅದು ಗೆದ್ದಿತು.

ಅಕ್ಷರದ ವಿಷಯದಲ್ಲಿ ಸುಮಾರು ಇನ್ನೂರು ವರ್ಷಗಳ ಹಿಂದೆ ಬಿಟ್ಟ ತಪ್ಪನ್ನು ಚಿತ್ರದ ವಿಷಯದಲ್ಲಿ ನೀವು ಇಂದಿಗೂ ಮಾಡುತ್ತಿದ್ದೀರಿ. ವರ್ಣಚಿತ್ರದ ಫೋಟೊ ತೆಗೆದು, ಸಾಫ್ಟ್‌ವೇರಿಗೆ ಕೊಟ್ಟು, ಅಂಚುಗಳನ್ನೆಲ್ಲ ಗೆರೆಯಾಗಿಸಿ ಉಬ್ಬಿಸಿಬಿಡುತ್ತೀರಿ. ನೆರಳಿನ ಅಂಚೂ ಗೆರೆ, ಬಟ್ಟೆಯ ಮಡಿಕೆಯೂ ಗೆರೆ, ಮೂಗೂ ಗೆರೆ. ಎಲ್ಲವೂ ಒಂದೇ ದಪ್ಪ, ಒಂದೇ ಎತ್ತರ. ಅದರ ಮೇಲೆ ಕೈಯಾಡಿಸಿದವರಿಗೆ ಸಿಗುವುದು ಹುಣಸೆಮರದ ತೊಗಟೆ.

ಕಣ್ಣು ಇಡೀ ಚಿತ್ರವನ್ನು ಒಂದೇ ನೋಟಕ್ಕೆ ಹಿಡಿದು ಆಮೇಲೆ ವಿವರಕ್ಕೆ ಇಳಿಯುತ್ತದೆ. ಬೆರಳು ವಿವರದಿಂದ ಹೊರಟು, ನೆನಪಿನಲ್ಲಿ ತುಣುಕುಗಳನ್ನು ಜೋಡಿಸಿಕೊಂಡು ಇಡಿಯನ್ನು ಕಟ್ಟುತ್ತದೆ. ಎರಡು ಮೊನೆಗಳು ಬೇರೆ ಬೇರೆ ಎಂದು ಬೆರಳ ತುದಿಗೆ ಸಲೀಸಾಗಿ ತಿಳಿಯಬೇಕಾದರೆ ನಡುವೆ ಸುಮಾರು 2 ಮಿಲಿಮೀಟರ್ ಬೇಕು. ಹಾಗಾಗಿಯೇ ಎರಡು ಗೆರೆಗಳ ನಡುವೆ, ಗೆರೆಗೂ ಬ್ರೈಲಿಗೂ ನಡುವೆ ಕನಿಷ್ಠ 3 ಮಿಲಿಮೀಟರ್ ಬಿಡಬೇಕು ಎಂಬುದು ಈ ಕೆಲಸದ ರೂಢಿ. ಚಿತ್ರದ ಅಳತೆ ಎರಡು ಅಂಗೈ ಅಗಲಿಸಿ ಇಟ್ಟಷ್ಟಿರಬೇಕು. ಎ4ಕ್ಕಿಂತ ಚಿಕ್ಕದಾದರೆ ವಿವರ ಹಿಡಿಸುವುದಿಲ್ಲ, ಎ3ಗಿಂತ ಬಹಳ ದೊಡ್ಡದಾದರೆ ಒಂದು ಮೂಲೆಯಲ್ಲಿದ್ದಾಗ ಇನ್ನೊಂದು ಮೂಲೆ ಮರೆತುಹೋಗುತ್ತದೆ. ಆನೆಯನ್ನು ಮುಟ್ಟಿದ ಅಂಧರ ಕಥೆಯನ್ನು ಅಂಧರ ಅರಿವಿನ ಮಿತಿ ಎಂದು ಎಲ್ಲರೂ ಹೇಳುತ್ತಾರೆ. ನಮಗೆ ಅದು ಬೇರೆ ರೀತಿ ಕಾಣುತ್ತದೆ. ಆನೆಯ ಸುತ್ತ ಒಂದು ಸುತ್ತು ಬರಲು ಅವರಿಗೆ ಯಾರೂ ಬಿಡಲಿಲ್ಲ, ಅಂಗೈಯಲ್ಲಿ ಹಿಡಿಸುವ ಒಂದು ಮಣ್ಣಿನ ಆನೆಯನ್ನು ಮೊದಲೇ ಯಾರೂ ಕೊಟ್ಟಿರಲಿಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಜಪಾನಿನ ಕಲಾವಿದ ಹೊಕುಸಾಯಿಯ ಮಹಾ ಅಲೆಯ ಮುದ್ರಣಚಿತ್ರ ಎಲ್ಲರಿಗೂ ಗೊತ್ತು: ಎಡಗಡೆ ಎದ್ದು ಬಾಗಿದ ಅಲೆ, ಕೆಳಗೆ ಮೂರು ದೋಣಿಗಳು, ದೂರದಲ್ಲಿ ಪುಟ್ಟದಾಗಿ ಫ್ಯೂಜಿ ಪರ್ವತ. ಮೂಲವೇ ಸುಮಾರು 25 ಸೆಂಟಿಮೀಟರ್ ಎತ್ತರ, 37 ಸೆಂಟಿಮೀಟರ್ ಅಗಲ. ಎ3 ಹಾಳೆಗೆ ಮೂಲದ ಅಳತೆಯಲ್ಲೇ ಕೂರುತ್ತದೆ. ಇದನ್ನು ನೇರವಾಗಿ ಉಬ್ಬಿಸಿದರೆ ಏನಾಗುತ್ತದೆ? ಅಲೆಯ ಮೈಮೇಲಿನ ನೀಲಿ ಪಟ್ಟೆಗಳು ಹತ್ತಾರು ಸಮಾಂತರ ಗೆರೆಗಳಾಗಿ ದೋಣಿಯ ಅಂಚಿನಲ್ಲಿ ಕಳೆದುಹೋಗುತ್ತವೆ. ಆಕಾಶದಲ್ಲಿ ಚಿಮ್ಮಿದ ನೊರೆಯ ಹನಿಗಳು ಬಿಡಿ ಚುಕ್ಕೆಗಳಾಗುತ್ತವೆ, ಓದುವವರು ಅಲ್ಲಿ ಬ್ರೈಲ್ ಇದೆಯೆಂದು ತಡವರಿಸುತ್ತಾರೆ. ಮೊದಲ ಹಾಳೆಯಲ್ಲಿ ಅಲೆಯ ಹೊರ ಅಂಚು, ಪರ್ವತದ ತ್ರಿಕೋನ, ದೋಣಿಗಳ ಮೂರು ಬಾಗು ಇಷ್ಟೇ ಇರಬೇಕು. ಅಲೆಯ ತುದಿಯ ಉಗುರಿನಂಥ ನೊರೆ ಎರಡನೇ ಹಾಳೆಗೆ, ಅಲ್ಲಿ ಅದೊಂದೇ, ಮೂರು ಪಟ್ಟು ದೊಡ್ಡದಾಗಿ. ದೋಣಿಯೊಳಗೆ ಮುದುಡಿದ ಜನ ಮೂರನೆಯದಕ್ಕೆ. ಹನಿಗಳನ್ನು ಬಿಟ್ಟುಬಿಡಿ, ಮಾತಿನಲ್ಲಿ ಹೇಳಿ. ಇನ್ನು ಪರ್ವತದ ಹಿಮದ ತಲೆಗೂ ಅಲೆಯ ನೊರೆಗೂ ಒಂದೇ ಬಿಳುಪು ಕೊಟ್ಟದ್ದು ಕಲಾವಿದನ ಚಮತ್ಕಾರ. ಬೇರೆ ಬೇರೆ ವಸ್ತುಗಳಿಗೆ ಬೇರೆ ಬೇರೆ ಮೇಲ್ಮೈ ಎಂಬುದು ಸ್ಪರ್ಶಚಿತ್ರದ ಸಾಮಾನ್ಯ ನಿಯಮವಾದರೂ ಇಲ್ಲಿ ಬೇಕೆಂದೇ ಎರಡಕ್ಕೂ ಒಂದೇ ಮೇಲ್ಮೈ ಕೊಟ್ಟು, ಬರಹದಲ್ಲಿ ಆ ಹೋಲಿಕೆಯನ್ನು ತೋರಿಸಿಕೊಡುವುದು ಒಳ್ಳೆಯದು. ಇಂಥದ್ದನ್ನು ಯಾವ ಸಾಫ್ಟ್‌ವೇರೂ ನಿರ್ಧರಿಸುವುದಿಲ್ಲ. ಕಲೆಯನ್ನು ಬಲ್ಲವರು ಮತ್ತು ಬೆರಳಿನಿಂದ ಓದುವವರು ಒಂದೇ ಮೇಜಿನ ಮುಂದೆ ಕೂತು ತೀರ್ಮಾನಿಸಬೇಕಾದದ್ದು ಇದು.

ಗೆರೆಯೇ ಇಲ್ಲದ ಚಿತ್ರಗಳು ಇನ್ನೂ ಕಷ್ಟ. ಲಿಯೊನಾರ್ಡೊನ ಮೋನಾಲಿಸಾಳ ತುಟಿಯ ಕೊನೆಯಲ್ಲಿ ಗೆರೆಯಿಲ್ಲ, ನೆರಳು ಹೊಗೆಯಂತೆ ಕರಗುತ್ತದೆ. ಅಲ್ಲೊಂದು ಉಬ್ಬು ಗೆರೆ ಎಳೆದರೆ ಆ ನಗುವನ್ನು ನೀವೇ ಹೊಸದಾಗಿ ಬರೆದಂತೆ. ಅಲ್ಲಿ ಮೆಲ್ಲಗೆ ಏರಿಳಿಯುವ ಮೇಲ್ಮೈಯ ಉಬ್ಬುಶಿಲ್ಪ ಬೇಕು. ಹಾಗೆ ಮಾಡುವಾಗಲೂ ಹತ್ತಿರದ್ದು ಎತ್ತರ, ದೂರದ್ದು ತಗ್ಗು ಎಂಬ ಕ್ರಮ ಚಿತ್ರದುದ್ದಕ್ಕೂ ತಪ್ಪಬಾರದು. ಒಂದರ ಮುಂದೆ ಒಂದು ಬಂದಲ್ಲಿ ಕಡಿದಾದ ಮೆಟ್ಟಿಲಂಥ ಅಂಚಿರಬೇಕು. ಇಳಿಜಾರು ಕೊಟ್ಟರೆ ಎರಡೂ ಒಂದೇ ವಸ್ತು ಎಂದು ಬೆರಳು ತಿಳಿಯುತ್ತದೆ. ದೂರದ್ದು ಚಿಕ್ಕದಾಗಿ ಕಾಣುವುದು, ಮೇಜಿನ ಕಾಲುಗಳು ಓರೆಯಾಗುವುದು, ಇವೆಲ್ಲ ನೋಟದ ರೂಢಿಗಳು. ಹುಟ್ಟಿನಿಂದ ಕಾಣದವರಿಗೆ ಅವು ತಿಳಿಯಲಾರವು ಎಂದುಕೊಳ್ಳುವುದು ತಪ್ಪು, ಹೇಳದೆಯೇ ತಿಳಿಯುತ್ತವೆ ಎಂದುಕೊಳ್ಳುವುದೂ ತಪ್ಪು. ‘ಈ ಚಿತ್ರದಲ್ಲಿ ದೂರದವು ಚಿಕ್ಕವು’ ಎಂಬ ಒಂದು ಸಾಲು ಸಾಕು.

ಈಗ ಸಾಮಗ್ರಿ. ಟೆಂಡರಿನಲ್ಲಿ ‘ಬ್ರೈಲ್ ಕಲಾಕೃತಿ, ಇಷ್ಟು ಸಂಖ್ಯೆ’ ಎಂದಷ್ಟೇ ಬರೆದು ಯಾವುದರಲ್ಲಿ ಎಂದು ಬರೆಯದಿರುವುದು ಅರ್ಧ ಅನಾಹುತಗಳ ಮೂಲ. ಸ್ವೆಲ್ ಪೇಪರ್ ಅಗ್ಗ, ಬೇಗ ಆಗುತ್ತದೆ. ಅದರ ಮೇಲ್ಪದರದಲ್ಲಿ ಶಾಖಕ್ಕೆ ಹಿಗ್ಗುವ ಸೂಕ್ಷ್ಮ ಗುಳ್ಳೆಗಳಿವೆ. ಕಪ್ಪು ಗೆರೆ ಹೀಟರಿನ ಶಾಖವನ್ನು ಹೀರಿಕೊಂಡು ಅಷ್ಟೇ ಜಾಗ ಉಬ್ಬುತ್ತದೆ. ಹೀಟರ್ ಬಿಸಿ ಹೆಚ್ಚಾದರೆ, ಅಥವಾ ಹಾಳೆ ನಿಧಾನವಾಗಿ ಸಾಗಿದರೆ ಗೆರೆಗಳು ದಪ್ಪಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಹಾಳೆ ಸುರುಟುತ್ತದೆ. ಶಾಖ ಕಡಿಮೆಯಾದರೆ ಚುಕ್ಕೆ ಮೇಲೇಳುವುದಿಲ್ಲ. ಶಾಯಿ ಒಣಗುವ ಮುನ್ನ ಹಾಕಿದರೆ ಕಲೆಯಾಗುತ್ತದೆ. ದೊಡ್ಡ ಜಾಗವನ್ನು ಪೂರ್ತಿ ಕಪ್ಪಾಗಿ ತುಂಬಿದರೆ ಮೆತ್ತನೆ ದಿಂಬಾಗುತ್ತದೆ. ಎಲ್ಲಕ್ಕಿಂತ ಮುಖ್ಯ, ಇಲ್ಲಿ ಎತ್ತರ ಹೆಚ್ಚುಕಡಿಮೆ ಒಂದೇ. ಆಳ ತೋರಿಸಬೇಕಾದ ಚಿತ್ರಕ್ಕೆ ಇದು ಆಗದು. ಮೇಲ್ಪದರ ಉಗುರಿಗೆ ಕಿತ್ತುಬರುತ್ತದೆ. ಕೈಗೆ ಕೊಡುವ ಹಾಳೆಗೆ, ಕರಡಿಗೆ, ಕಾರ್ಯಾಗಾರಕ್ಕೆ ಇದು ಒಳ್ಳೆಯದು, ವರ್ಷಗಟ್ಟಲೆ ಇಡುವ ಶಾಶ್ವತ ಫಲಕಕ್ಕಲ್ಲ.

ಥರ್ಮೋಫಾರ್ಮಿನಲ್ಲಿ ದಾರ, ರಟ್ಟು, ಸ್ಯಾಂಡ್‌ಪೇಪರ್, ಬಟ್ಟೆ ಅಂಟಿಸಿ ಒಂದು ಅಚ್ಚು ಮಾಡಿ, ಬಿಸಿಮಾಡಿದ ಪ್ಲಾಸ್ಟಿಕ್ ಹಾಳೆಯನ್ನು ನಿರ್ವಾತದಿಂದ ಅದರ ಮೇಲೆ ಎಳೆಯುತ್ತಾರೆ. ಬೇಕಾದ ಎತ್ತರ, ಬೇಕಾದ ಮೇಲ್ಮೈ ಸಿಗುತ್ತದೆ. ಅಚ್ಚಿನಲ್ಲಿ ಗಾಳಿ ಹೋಗಲು ಸಣ್ಣ ರಂಧ್ರಗಳನ್ನು ಚುಚ್ಚದಿದ್ದರೆ ತಗ್ಗುಗಳಲ್ಲಿ ಹಾಳೆ ಕೂರುವುದಿಲ್ಲ. ಶಾಖ ತಾಳದ ಅಂಟು ಬಳಸಿದರೆ ಹತ್ತನೇ ಪ್ರತಿಯ ಹೊತ್ತಿಗೆ ದಾರ ಜಾರಿರುತ್ತದೆ. ಬೆವರಿದ ಬೆರಳು ಆ ಪ್ಲಾಸ್ಟಿಕ್ಕಿಗೆ ಅಂಟುತ್ತದೆ ಎಂಬುದು ಓದುಗರ ಹಳೆಯ ದೂರು. ನೇರಳಾತೀತ ಬೆಳಕಿನಿಂದ ಶಾಯಿಯನ್ನು ಗಟ್ಟಿಯಾಗಿಸುತ್ತ ಪದರದ ಮೇಲೆ ಪದರ ಹಾಕುವ ಯುವಿ ಮುದ್ರಣ ಗಟ್ಟಿ, ಬಣ್ಣವೂ ಜೊತೆಗೇ ಬರುತ್ತದೆ. ಆದರೆ ಚುಕ್ಕೆಯ ಅಂಚು ಚೂಪಾಗಿ ಉಳಿದು, ಹತ್ತು ನಿಮಿಷ ಓದಿದರೆ ಬೆರಳು ಉರಿಯುವುದುಂಟು. ತ್ರೀಡಿ ಮುದ್ರಣದಲ್ಲಿ ಪದರಗಳ ಗೆರೆಯೇ ಒಂದು ಮೇಲ್ಮೈಯಾಗಿ, ಕಲಾವಿದ ಬಿಡಿಸದ ಅಲೆಗಳನ್ನು ಬೆರಳಿಗೆ ಕೊಡುತ್ತದೆ. ಉಜ್ಜಿ ನಯಮಾಡಬೇಕು. ಬ್ರೈಲ್ ಫಲಕವನ್ನು ಮಲಗಿಸಿ ಮುದ್ರಿಸಿದರೆ ಚುಕ್ಕೆಯ ತಲೆ ಒರಟಾಗುತ್ತದೆ, ನಿಲ್ಲಿಸಿ ಮುದ್ರಿಸಿದರೆ ದುಂಡಗೆ ಬರುತ್ತದೆ. ಇಷ್ಟು ಸಣ್ಣ ವಿಷಯಕ್ಕೆ ಇಡೀ ಸರಣಿ ಹಾಳಾಗಬಾರದು.

ಬಣ್ಣವನ್ನು ತೆಗೆದುಹಾಕಿ ಎಲ್ಲವನ್ನೂ ಬಿಳಿ ಪ್ಲಾಸ್ಟರಿನಲ್ಲಿ ಮಾಡುವುದು ಇನ್ನೊಂದು ರೂಢಿ. ಅಂಧರೆನಿಸಿಕೊಂಡವರಲ್ಲಿ ಅನೇಕರಿಗೆ ಅಷ್ಟಿಷ್ಟು ದೃಷ್ಟಿ ಉಳಿದಿರುತ್ತದೆ, ಬೆಳಕು ಮತ್ತು ಗಾಢ ಬಣ್ಣ ಗೊತ್ತಾಗುತ್ತದೆ. ನಡುವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡವರಿಗೆ ಬಣ್ಣದ ನೆನಪು ಗಟ್ಟಿಯಾಗಿರುತ್ತದೆ. ಮ್ಯಾಡ್ರಿಡ್‌ನ ಪ್ರಾಡೊ ಸಂಗ್ರಹಾಲಯ 2015ರಲ್ಲಿ ಆರು ವರ್ಣಚಿತ್ರಗಳ ಉಬ್ಬುಪ್ರತಿಗಳನ್ನು ಪ್ರದರ್ಶಿಸಿದಾಗ ಬಣ್ಣವನ್ನು ಹಾಗೆಯೇ ಉಳಿಸಿಕೊಂಡಿತ್ತು. ಅದು ಸರಿಯಾದ ದಾರಿ.

ಶಿಲ್ಪಗಳ ವಿಷಯದಲ್ಲಿ ನಿಮ್ಮ ಸಂರಕ್ಷಣಾ ತಜ್ಞರ ಅಂಜಿಕೆ ನಮಗೆ ಅರ್ಥವಾಗುತ್ತದೆ. ಚರ್ಮದ ಎಣ್ಣೆ ಮತ್ತು ಉಪ್ಪು ಲೋಹಕ್ಕೆ, ರಂಧ್ರವಿರುವ ಕಲ್ಲಿಗೆ, ಬಣ್ಣ ಬಳಿದ ಮರಕ್ಕೆ ಹಾನಿ ಮಾಡುವುದು ನಿಜ. ಹಾಗೆಂದು ಎಲ್ಲಕ್ಕೂ ‘ಮುಟ್ಟಬೇಡಿ’ ಎನ್ನಬೇಕಿಲ್ಲ. ಗಟ್ಟಿಯಾದ ಕೆಲವನ್ನು ಆರಿಸಿ, ಕೈ ತೊಳೆದು ಉಂಗುರ, ಗಡಿಯಾರ ತೆಗೆದಿಟ್ಟು ಮುಟ್ಟಲು ಬಿಡಬಹುದು. ಕೈಗವಸು ತೊಡಿಸಿದರೆ ಉಳಿಯ ಗುರುತು, ಕಲ್ಲಿನ ತಂಪು ಎರಡೂ ಮಂಕಾಗುತ್ತವೆ. ಪ್ರತಿಕೃತಿಯೇ ಅನಿವಾರ್ಯವಾದಲ್ಲಿ ಪಕ್ಕದಲ್ಲಿ ಮೂಲ ಸಾಮಗ್ರಿಯ ಒಂದು ತುಂಡನ್ನಿಡಿ. ರಾಳದಲ್ಲಿ ಎರಕ ಹೊಯ್ದ ಕಂಚಿನ ವಿಗ್ರಹ ಬೆಚ್ಚಗೆ, ಹಗುರಾಗಿ ಇರುತ್ತದೆ. ಕೈಯಳತೆಯ ಒಂದು ಕಂಚಿನ ತುಂಡು ಅದರ ಜೊತೆಗಿದ್ದರೆ ಮೂಲದ ತೂಕ ಊಹೆಗೆ ಸಿಗುತ್ತದೆ.

ಯಾವ ಉಬ್ಬುಚಿತ್ರವೂ ಮಾತಿಲ್ಲದೆ ಪೂರ್ಣವಲ್ಲ. ಮೊದಲು ಅಳತೆ, ಸಾಮಗ್ರಿ, ಏನಿದೆ ಎಂಬ ಎರಡು ಮೂರು ವಾಕ್ಯ. ಆಮೇಲೆ ಕೈ ಎಲ್ಲಿಂದ ಹೊರಟು ಎಲ್ಲಿಗೆ ಹೋಗಬೇಕು ಎಂಬ ದಾರಿ: ‘ಎಡ ಮೂಲೆಯ ಕೆಳಗಿಂದ ದಪ್ಪ ಗೆರೆ ಹಿಡಿದು ಮೇಲೆ ಬನ್ನಿ’ ಎಂಬಂತೆ. ಭಾವ, ಇತಿಹಾಸ, ವಿಮರ್ಶೆ ಕೊನೆಗೆ. ನಿಮ್ಮ ಧ್ವನಿ ಮಾರ್ಗದರ್ಶಿಗಳು ಇದನ್ನು ತಿರುವುಮುರುವು ಮಾಡಿ, ಕಲಾವಿದನ ಬಾಲ್ಯದಿಂದ ಆರಂಭಿಸುತ್ತವೆ. ಕೇಳುಗರ ಕೈ ಅಷ್ಟು ಹೊತ್ತು ಎಲ್ಲಿರಬೇಕು? ಎಲ್ಲ ಅಂಧರೂ ಬ್ರೈಲ್ ಓದುವುದಿಲ್ಲ ಎಂಬ ಕಾರಣ ಕೊಟ್ಟು ಬ್ರೈಲನ್ನೇ ಕೈಬಿಡುವುದೂ ಸಲ್ಲದು. ಕಿವಿಯೂ ಕೇಳದ ಅಂಧರಿಗೆ ಧ್ವನಿಯಿಂದ ಪ್ರಯೋಜನವಿಲ್ಲ. ಬ್ರೈಲ್, ಧ್ವನಿ, ದೊಡ್ಡ ಅಕ್ಷರ ಮೂರೂ ಬೇಕು.

ಇಡುವ ಜಾಗದ ಬಗ್ಗೆ ಒಂದೇ ಮಾತು. ಎದೆಮಟ್ಟದ ಗೋಡೆಗೆ ನೆಟ್ಟಗೆ ಹಾಕಿದ ಚಿತ್ರವನ್ನು ಓದಲು ಮಣಿಕಟ್ಟು ಹಿಂದಕ್ಕೆ ಬಾಗಬೇಕು, ಐದು ನಿಮಿಷದಲ್ಲಿ ಕೈ ಸೋಲುತ್ತದೆ. ಸೊಂಟದೆತ್ತರದ, ಓದುಗರ ಕಡೆಗೆ ತುಸು ಓರೆಯಾದ ಮೇಜು ಬೇಕು. ಗಾಲಿಕುರ್ಚಿಯ ಮೊಣಕಾಲು ಅದರ ಕೆಳಗೆ ಹೋಗಬೇಕು, ಪಕ್ಕದಲ್ಲೊಂದು ಕುರ್ಚಿ ಇರಬೇಕು. ಬಿಡಿ ಹಾಳೆಗಳಿಗೆ ಬಲ ಮೇಲ್ತುದಿಯ ಮೂಲೆ ಕತ್ತರಿಸಿ, ಯಾವುದು ಮೇಲೆಂದು ಕೈಗೆ ತಕ್ಷಣ ತಿಳಿಯುತ್ತದೆ.

ಇದೆಲ್ಲ ಆಗದ ಮಾತೇನಲ್ಲ. ಇಟಲಿಯ ಆಂಕೋನಾದಲ್ಲಿ ಒಮೆರೊ ಸ್ಪರ್ಶ ಸಂಗ್ರಹಾಲಯ 1993ರಿಂದ ಇದೆ. ಬೊಲೋನ್ಯಾದ ಕವಾತ್ಸಾ ಅಂಧರ ಸಂಸ್ಥೆಯ ಆಂಟೆರೋಸ್ ಸಂಗ್ರಹಾಲಯ ವರ್ಣಚಿತ್ರಗಳನ್ನು ಉಬ್ಬುಶಿಲ್ಪವಾಗಿ ಅನುವಾದಿಸುವುದನ್ನೇ ಒಂದು ಶಿಸ್ತಾಗಿ ಬೆಳೆಸಿದೆ. ಪ್ಯಾರಿಸಿನ ಲೂವ್ರ್ 1995ರಲ್ಲಿ, ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯ 2015ರಲ್ಲಿ ಮುಟ್ಟಿ ನೋಡುವ ಗ್ಯಾಲರಿ ತೆರೆದವು. ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 30ನೇ ವಿಧಿ ಸಾಂಸ್ಕೃತಿಕ ಬದುಕಿನಲ್ಲಿ ಸಮಾನ ಪಾಲನ್ನು ಹಕ್ಕೆಂದೇ ಹೇಳುತ್ತದೆ, ಸಂಗ್ರಹಾಲಯಗಳನ್ನು ಹೆಸರಿಸಿಯೇ ಹೇಳುತ್ತದೆ.

ಆದ್ದರಿಂದ ನಮ್ಮ ಕೋರಿಕೆಗಳು ಇವು. ಟೆಂಡರಿನಲ್ಲಿ ಸಾಮಗ್ರಿ, ಚುಕ್ಕೆಯ ಅಳತೆ, ಗೆರೆಗಳ ನಡುವಿನ ಕನಿಷ್ಠ ಅಂತರ, ಇಡುವ ಎತ್ತರ ಇವನ್ನು ಬರೆಯಿರಿ. ಯಾವ ಚಿತ್ರಗಳು ಬೇಕು ಎಂಬ ಆಯ್ಕೆಯ ಸಭೆಗೇ ಅಂಧ ಓದುಗರನ್ನು ಕರೆಯಿರಿ, ಉದ್ಘಾಟನೆಗಲ್ಲ. ಹುಟ್ಟಿನಿಂದ ಕಾಣದವರು, ನಂತರ ದೃಷ್ಟಿ ಕಳೆದುಕೊಂಡವರು, ಅಲ್ಪದೃಷ್ಟಿಯವರು ಮೂವರಿಂದಲೂ ಕರಡನ್ನು ಪರೀಕ್ಷಿಸಿ, ಅವರ ಸಮಯಕ್ಕೆ ಸಂಭಾವನೆ ಕೊಡಿ. ನಿಮ್ಮ ಸಿಬ್ಬಂದಿ ಕಣ್ಣು ಮುಚ್ಚಿಕೊಂಡು ತಡವಿ ‘ಸರಿಯಿದೆ’ ಎನ್ನುವುದು ಪರೀಕ್ಷೆಯಲ್ಲ, ಆ ಚಿತ್ರವನ್ನು ಅವರು ಮೊದಲೇ ನೋಡಿದ್ದಾರೆ. ಒಂದು ಪ್ರಶ್ನೆಯನ್ನೇ ಕೇಳಿ: ‘ಇಲ್ಲಿ ಏನಿದೆ, ನೀವೇ ಹೇಳಿ’. ‘ಇದು ದೋಣಿ, ಗೊತ್ತಾಯಿತೇ’ ಎಂದು ಕೇಳಿದರೆ ಎಲ್ಲರೂ ಸೌಜನ್ಯಕ್ಕೆ ಹೌದೆನ್ನುತ್ತಾರೆ. ಕರಡಿನ ನಂತರ ಕನಿಷ್ಠ ಒಂದು ತಿದ್ದುಪಡಿಗೆ ಹಣ ಮತ್ತು ಸಮಯವನ್ನು ಮೊದಲೇ ತೆಗೆದಿರಿಸಿ.

ಇನ್ನೊಂದು, ಈಗಾಗಲೇ ತೂಗುಹಾಕಿರುವವುಗಳ ಬಗ್ಗೆ. ಬ್ರೈಲ್ ಓದಬಲ್ಲ ಒಬ್ಬರೊಂದಿಗೆ ನಿಮ್ಮ ಗ್ಯಾಲರಿಯಲ್ಲಿ ಒಂದು ಮಧ್ಯಾಹ್ನ ಸುತ್ತಾಡಿ, ತಲೆಕೆಳಗಾದವು, ಸವೆದವು, ಗಾಜಿನ ಹಿಂದಿರುವವು ಎಷ್ಟೆಂದು ಪಟ್ಟಿ ಮಾಡಿ. ಪಟ್ಟಿಯನ್ನು ಮೂರು ತಿಂಗಳೊಳಗೆ ಸಾರ್ವಜನಿಕವಾಗಿ ಪ್ರಕಟಿಸಿ, ಬ್ರೈಲಿನಲ್ಲೂ. ತಿದ್ದಲು ಕೈ ಬೇಕಾದರೆ ಹೇಳಿ ಕಳಿಸಿ, ಬರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಸ್ಪರ್ಶಚಿತ್ರಗಳನ್ನು ಮಾಡುವವರು, ತಿದ್ದುವವರು ಮತ್ತು ಓದುವವರು